ಆಟದ ಹೆಡ್‌ಸೆಟ್ಟೂ ದುಡಿಯುವವರ ಕಿವಿಯೂ

ದುಡಿಯುವ ಜನರ ಪತ್ರಿಕೆಗೆ ಆಟದ ಸಾಮಾನಿನ ಗೊಡವೆ ಏಕೆ ಎಂದು ಹುಬ್ಬು ಗಂಟಿಕ್ಕುವವರು ನಮ್ಮ ಓದುಗರಲ್ಲಿಯೇ ಉಂಟು. ಕೂಲಿ, ಬೋನಸ್ಸು, ದವಸದ ಬೆಲೆ ಇವುಗಳ ಮಾತನ್ನು ಬದಿಗಿಟ್ಟು, ಟಿ.ವಿ. ಮುಂದೆ ಕೂತು ಆಡುವ ಹುಡುಗರ ಹೆಡ್‌ಸೆಟ್ಟಿನ ಮಾತೇ ಎಂದು ಅವರು ಕೇಳಬಹುದು. ನಮ್ಮ ಉತ್ತರ ಇಷ್ಟೆ: ದುಡಿಮೆಯ ಗಂಟೆಗಳು ನಮ್ಮ ವಿಷಯವಾದರೆ, ದುಡಿಮೆ ಮುಗಿದ ಮೇಲಿನ ಗಂಟೆಗಳೂ ನಮ್ಮ ವಿಷಯವೇ. ೧೮೮೬ರಲ್ಲಿ ಚಿಕಾಗೋ ನಗರದ ಕಾರ್ಮಿಕರು ಎಂಟು ಗಂಟೆಯ ದಿನಕ್ಕಾಗಿ ಬೀದಿಗಿಳಿದಾಗ ಅವರು ಬೇಡಿದ್ದು ನಿದ್ದೆಯನ್ನು ಮಾತ್ರವಲ್ಲ; ಯಾರ ಅಪ್ಪಣೆಯೂ ಇಲ್ಲದೆ ತಮಗೆ ಬೇಕಾದಂತೆ ಕಳೆಯಬಹುದಾದ ಹೊತ್ತನ್ನೂ ಬೇಡಿದರು. ಆ ಹೊತ್ತಿನಲ್ಲಿ ಒಬ್ಬನು ಭಜನೆಗೆ ಹೋದಾನು, ಒಬ್ಬನು ಬಯಲಾಟ ನೋಡಿಯಾನು, ಮತ್ತೊಬ್ಬನು ಕನ್ಸೋಲಿನಲ್ಲಿ ಕಾಲ್ಚೆಂಡು ಆಡಿಯಾನು. ಅದು ಅವನ ಹಕ್ಕು. ಆ ಹಕ್ಕನ್ನು ಅನುಭವಿಸುವ ಅಂಗವೇ ಸವೆದುಹೋಗುತ್ತಿದ್ದರೆ ನಾವು ಸುಮ್ಮನಿರಲಾಗದು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಹಣ ಕಟ್ಟಿ ಆಡುವ ಆನ್‌ಲೈನ್ ಜೂಜಿನ ಮಾತು ಇದಲ್ಲ. ಅದಕ್ಕೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಬೇರೆಯೇ ಕಾಯ್ದೆ ಮಾಡಿದೆ. ಇಲ್ಲಿ ಹೇಳುವುದು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೊದಲಾದ ಯಂತ್ರಗಳಲ್ಲಿ ವಿನೋದಕ್ಕಾಗಿ ಆಡುವ ಆಟದ ವಿಚಾರ; ಆ ಆಟಕ್ಕೆ ಬೇಕಾದ ನಿಸ್ತಂತು ಹೆಡ್‌ಸೆಟ್ಟಿನ ವಿಚಾರ.

ಮೂರು ಮಂಚದ ಕೋಣೆ

ನಮ್ಮ ಜಿಲ್ಲೆಯ ಒಂದೊಂದು ತಾಲ್ಲೂಕಿನಿಂದಲೂ ಹುಡುಗರು, ಹುಡುಗಿಯರು ಬೆಂಗಳೂರಿನ ಅಂಚಿಗೆ ದುಡಿಯಲು ಹೋಗಿದ್ದಾರೆ. ೧೮೮೨ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ ಆರಂಭವಾದ ವೈಟ್‌ಫೀಲ್ಡ್ ಇಂದು ಗಾಜಿನ ಕಟ್ಟಡಗಳ ಊರು. ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಮುನ್ನೂರು ಎಕರೆಗೂ ಮಿಕ್ಕ ನೆಲದಲ್ಲಿ ಎಬ್ಬಿಸಿದ ಎಲೆಕ್ಟ್ರಾನಿಕ್ ಸಿಟಿ ಅಲ್ಲಿಂದ ಬೊಮ್ಮಸಂದ್ರದವರೆಗೆ ಹಬ್ಬಿದೆ. ಪೀಣ್ಯದಲ್ಲಿ ಇಂದಿಗೂ ಲೇತು, ಪ್ರೆಸ್ಸು, ಗ್ರೈಂಡಿಂಗ್ ಚಕ್ರಗಳ ಸದ್ದು ನಿಂತಿಲ್ಲ. ಆಟಗಳನ್ನು ಕಟ್ಟುವ ಕೆಲಸವೂ ಈ ನಗರಕ್ಕೆ ಬಂದಿದೆ. ೧೯೯೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ೨೦೧೯ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ವಶವಾಯಿತು. ಆಟವನ್ನು ಕಟ್ಟುವವನೂ ಸಂಬಳಗಾರ, ಕೊಂಡು ಆಡುವವನೂ ಸಂಬಳಗಾರ.

ಈ ಸಂಬಳಗಾರರ ವಾಸ ಎಲ್ಲಿ? ಬಹುಮಟ್ಟಿಗೆ ಪಿ.ಜಿ. ಎಂದು ಕರೆಯುವ ವಸತಿಗಳಲ್ಲಿ. ಒಂದು ಕೋಣೆ, ಎರಡೋ ಮೂರೋ ಮಂಚ, ಒಬ್ಬೊಬ್ಬರದು ಒಂದೊಂದು ಪಾಳಿ. ಅಮೆರಿಕದ ಗಡಿಯಾರಕ್ಕೆ ದುಡಿದು ಬಂದವನು ಹಗಲು ಮಲಗುತ್ತಾನೆ; ಹಗಲು ದುಡಿದವನು ರಾತ್ರಿ ಆಡುತ್ತಾನೆ. ೨೦೨೧ರ ಫೆಬ್ರವರಿ ೨ರಂದು ಪ್ಲೇಸ್ಟೇಷನ್ ೫ ಭಾರತದಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ ೪೯,೯೯೦ ರೂಪಾಯಿ. ಇಂಥ ಯಂತ್ರವನ್ನು ನಾಲ್ಕು ಜನ ಚಂದಾ ಹಾಕಿ ಕೊಳ್ಳುವುದೂ ಉಂಟು, ಕಂತಿನಲ್ಲಿ ಕೊಳ್ಳುವುದೂ ಉಂಟು. ಆದರೆ ಟಿ.ವಿ.ಯ ಸದ್ದು ತೆರೆದರೆ ಪಕ್ಕದ ಮಂಚದವನ ನಿದ್ದೆ ಹಾಳು. ಆದುದರಿಂದ ಅಲ್ಲಿ ಹೆಡ್‌ಸೆಟ್ಟು ಷೋಕಿಯ ವಸ್ತುವಲ್ಲ. ಕೋಣೆಯ ಮರ್ಯಾದೆ ಉಳಿಸುವ ವಸ್ತು. ಇನ್ನೂ ಒಂದು ಉಪಯೋಗವಿದೆ. ಶನಿವಾರ ರಾತ್ರಿ ವೈಟ್‌ಫೀಲ್ಡಿನ ಹುಡುಗ ಊರಿನಲ್ಲಿ ಉಳಿದ ಗೆಳೆಯನೊಡನೆ ಅದರ ಮೈಕಿನಲ್ಲಿ ಕನ್ನಡದಲ್ಲೇ ಹರಟುತ್ತಾ ಆಡುತ್ತಾನೆ. ಅರಳಿಕಟ್ಟೆಯ ಮಾತು ತಂತಿಯಿಲ್ಲದೆ ಅಷ್ಟು ದೂರ ಹೋಗುತ್ತದೆ. ಇದನ್ನು ದುಶ್ಚಟವೆಂದು ಹಳಿಯುವವರ ಜೊತೆ ನಾವಿಲ್ಲ.

ಕೊಳ್ಳುವ ಮುನ್ನ

ಅಂಗಡಿಯವನು, ‘ವೈರ್‌ಲೆಸ್ ಸಾರ್, ಎಲ್ಲಾ ಮೆಷಿನ್ನಿಗೂ ಆಗುತ್ತೆ’ ಎನ್ನುತ್ತಾನೆ. ಆಗುವುದಿಲ್ಲ. ಒಂದು ತಿಂಗಳ ಉಳಿತಾಯ ಕಳೆದುಕೊಳ್ಳುವ ಮುನ್ನ ಈ ನಾಲ್ಕು ಸಂಗತಿಗಳನ್ನು ತಿಳಿದಿರಬೇಕು.

ಒಂದು, ಯಂತ್ರಕ್ಕೂ ಹೆಡ್‌ಸೆಟ್ಟಿಗೂ ಹೊಂದಿಕೆ. ಪ್ಲೇಸ್ಟೇಷನ್ ೫ ತಾನಾಗಿ ಬ್ಲೂಟೂತ್ ಹೆಡ್‌ಸೆಟ್ಟಿಗೆ ಧ್ವನಿ ಕಳಿಸುವುದಿಲ್ಲ. ಯು.ಎಸ್.ಬಿ. ಕಂಡಿಗೆ ಸಿಕ್ಕಿಸುವ ಚಿಕ್ಕ ಡಾಂಗಲ್ ಜೊತೆಗೆ ಬರುವ ಹೆಡ್‌ಸೆಟ್ಟೇ ಅದಕ್ಕೆ ಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್ ಯಂತ್ರಗಳೂ ಬ್ಲೂಟೂತನ್ನು ಒಪ್ಪುವುದಿಲ್ಲ. ಅವಕ್ಕೆ ತಮ್ಮದೇ ನಿಸ್ತಂತು ಪದ್ಧತಿಯಿದೆ. ಎಕ್ಸ್‌ಬಾಕ್ಸಿಗೆಂದೇ ತಯಾರಾದುದು ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರದಿದ್ದರೆ ಕೊಳ್ಳಬೇಡಿ. ಪ್ಲೇಸ್ಟೇಷನ್ನಿನ ಡಾಂಗಲ್ ಅಲ್ಲಿ ನಡೆಯುವುದೆಂದು ನಂಬಿದವರು ಮೋಸ ಹೋಗುತ್ತಾರೆ. ನಿಂಟೆಂಡೋ ಸ್ವಿಚ್ ೨೦೨೧ರ ಸೆಪ್ಟೆಂಬರಿನಿಂದ ಬ್ಲೂಟೂತಿನಲ್ಲಿ ಧ್ವನಿ ಕೇಳಿಸುತ್ತದೆ. ಆದರೆ ಬ್ಲೂಟೂತ್ ಮೈಕನ್ನು ಸ್ವೀಕರಿಸುವುದಿಲ್ಲ.

ಎರಡು, ತಡ. ಸಾಮಾನ್ಯ ಬ್ಲೂಟೂತಿನಲ್ಲಿ ಧ್ವನಿಯನ್ನು ಮಡಿಸಿ, ಕಳಿಸಿ, ಬಿಚ್ಚುವಷ್ಟರಲ್ಲಿ ನೂರು ಇನ್ನೂರು ಮಿಲಿಸೆಕೆಂಡು ಕಳೆಯುತ್ತದೆ. ಹಾಡು ಕೇಳುವವನಿಗೆ ಅದು ತಿಳಿಯದು. ಆಟಗಾರನಿಗೆ ಮಾತ್ರ ಚೆಂಡು ಬಲೆಗೆ ಬಿದ್ದ ಮೇಲೆ ಒದ್ದ ಸದ್ದು ಕೇಳುತ್ತದೆ. ಡಾಂಗಲಿನ ೨.೪ ಗಿಗಾಹರ್ಟ್ಸ್ ಕೊಂಡಿಯಲ್ಲಿ ಈ ತಡ ಬಹಳ ಕಡಿಮೆ. ಜೊತೆಗೆ ಹಳೆಯ ಬಗೆಯ ಬ್ಲೂಟೂತಿನಲ್ಲಿ ಮೈಕನ್ನು ತೆರೆದೊಡನೆ ಧ್ವನಿ ಹಳೇ ಟೆಲಿಫೋನಿನಂತೆ ಬಡವಾಗುತ್ತದೆ. ಡಾಂಗಲಿಗೂ ಒಂದು ತೊಡಕಿಲ್ಲದಿಲ್ಲ. ಪಿ.ಜಿ. ಕಟ್ಟಡದ ವೈಫೈ ಪೆಟ್ಟಿಗೆಗಳಲ್ಲಿ ಬಹಳಷ್ಟು ಇದೇ ೨.೪ ಗಿಗಾಹರ್ಟ್ಸ್ ದಾರಿಯಲ್ಲಿ ಓಡಾಡುತ್ತವೆ. ಧ್ವನಿ ಕಡಿದು ಕಡಿದು ಬಂದರೆ ಹೆಡ್‌ಸೆಟ್ಟನ್ನು ಬಯ್ಯುವ ಮುನ್ನ ಡಾಂಗಲನ್ನು ಯಂತ್ರದ ಹಿಂಬದಿಯಿಂದ ತೆಗೆದು, ಕೂತವನ ಕಣ್ಣಿಗೆ ಕಾಣುವಂತೆ ಮುಂದುಗಡೆ ಸಿಕ್ಕಿಸಿ ನೋಡಿ.

ಮೂರು, ತಲೆಯ ಮೇಲಿನ ಭಾರ. ಮುನ್ನೂರು ಗ್ರಾಂ ತೂಕ ಅಂಗಡಿಯಲ್ಲಿ ಐದು ನಿಮಿಷ ಹಗುರ. ಏಪ್ರಿಲ್ ತಿಂಗಳ ರಾತ್ರಿ ಎರಡು ಗಂಟೆಯ ನಂತರ ಹೊರೆ. ಕನ್ನಡಕ ಹಾಕುವವರು ಕನ್ನಡಕದೊಡನೆಯೇ ಹಾಕಿ ನೋಡಬೇಕು. ಹಂಚಿಕೊಂಡ ಕೋಣೆಯಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ಬಗೆಯೇ ಮೇಲು. ಬೆನ್ನು ತೆರೆದ ಬಗೆಯಲ್ಲಿ ಸದ್ದು ಹೊರಗೆ ಸೋರುತ್ತದೆ. ‘೭.೧’ ಎಂದು ದಪ್ಪಕ್ಷರದಲ್ಲಿ ಬರೆದಿರುವುದಕ್ಕೆ ಹೆಚ್ಚು ಹಣ ತೆರಬೇಕಾಗಿಲ್ಲ. ಪ್ಲೇಸ್ಟೇಷನ್ ೫ರಲ್ಲಿ ಸುತ್ತಣ ಧ್ವನಿಯ ಲೆಕ್ಕವನ್ನು ಯಂತ್ರವೇ ಮಾಡುತ್ತದೆ. ಎರಡು ಕಿವಿಯ ಸಾಧಾರಣ ಹೆಡ್‌ಸೆಟ್ಟಿನಲ್ಲೂ ಅದು ಕೇಳುತ್ತದೆ.

ನಾಲ್ಕು, ಬ್ಯಾಟರಿ. ಇದು ನಿಸ್ತಂತು ಸಾಮಾನಿನ ಆಯುಷ್ಯವನ್ನು ಬರೆಯುವ ಚಿತ್ರಗುಪ್ತ. ಅನೇಕ ಹೆಡ್‌ಸೆಟ್ಟುಗಳಲ್ಲಿ ಅದನ್ನು ಒಳಗೆ ಅಂಟಿಸಿ ಮುಚ್ಚಿರುತ್ತಾರೆ. ಕೆಲವು ವರ್ಷಗಳಲ್ಲಿ ಬ್ಯಾಟರಿ ಸತ್ತರೆ ಚೆನ್ನಾಗಿರುವ ಧ್ವನಿಯೂ ಕಸದ ಬುಟ್ಟಿಗೆ. ಬ್ಯಾಟರಿ ಬದಲಿಸಬಹುದೇ, ಕಿವಿಯ ಮೆತ್ತೆ ಬಿಡಿಯಾಗಿ ಸಿಗುವುದೇ, ಬ್ಯಾಟರಿ ಮುಗಿದಾಗ ತಂತಿ ಹಾಕಿ ಬಳಸಬಹುದೇ ಎಂದು ಕೇಳಿಯೇ ಕೊಳ್ಳಿ.

ಇನ್ನು ಕೈಯಲ್ಲಿ ಹಣವಿಲ್ಲದವನಿಗೆ ನಮ್ಮ ಸಲಹೆ: ನಿಸ್ತಂತುವೇ ಬೇಕೆಂಬ ಹಟ ಬಿಡಿ. ಪ್ಲೇಸ್ಟೇಷನ್ ೫ರ ಕಂಟ್ರೋಲರಿನಲ್ಲಿ, ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳ ಕಂಟ್ರೋಲರಿನಲ್ಲಿ ಸಾಧಾರಣ ಹೆಡ್‌ಫೋನ್ ಸಿಕ್ಕಿಸುವ ತೂತಿದೆ. ಕಂಟ್ರೋಲರಿಗೆ ತಂತಿಯಿಲ್ಲ, ಅದರಿಂದ ಕಿವಿಗೆ ಮೂರಡಿ ತಂತಿ. ಅಗ್ಗದ ತಂತಿಯ ಹೆಡ್‌ಸೆಟ್ಟಿನಿಂದಲೇ ಮಂಚದ ಮೇಲೆ ಕೂತು ಆಡಬಹುದು. ಉಳಿದ ಹಣ ಊರಿಗೆ ಹೋಗಲಿ.

ಕಿವಿಯ ಪಡಿತರ

ಸಾಮಾನಿನ ಮಾತು ಇಲ್ಲಿಗೆ ಸಾಕು. ಯಂತ್ರಕ್ಕೆ ಹೊಂದುವುದನ್ನು ಕೊಂಡೆವು ಎನ್ನೋಣ. ಅದನ್ನು ಹಾಕಿಕೊಳ್ಳುವ ಕಿವಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಯಾವ ಅಂಗಡಿಯವನೂ ಕೇಳುವುದಿಲ್ಲ.

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲ ಕೋಶಗಳು ಸುಮಾರು ಹದಿನೈದು ಸಾವಿರ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಒಂದು ಮಿತಿ ಹೇಳಿದೆ: ವಯಸ್ಕರಿಗೆ ವಾರಕ್ಕೆ ೮೦ ಡೆಸಿಬೆಲ್ ಸದ್ದು ೪೦ ಗಂಟೆ, ಮಕ್ಕಳಿಗೆ ೭೫ ಡೆಸಿಬೆಲ್ ೪೦ ಗಂಟೆ. ಸದ್ದು ಮೂರು ಡೆಸಿಬೆಲ್ ಏರಿದಾಗಲೆಲ್ಲ ಗಂಟೆಗಳು ಅರ್ಧಕ್ಕೆ ಇಳಿಯುತ್ತವೆ. ೯೦ ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ೧೦೦ ಡೆಸಿಬೆಲ್ ಆದರೆ ವಾರಕ್ಕೆ ಇಪ್ಪತ್ತೇ ನಿಮಿಷ.

ಪಡಿತರದ ಅಂಗಡಿಯ ಮುಂದೆ ನಿಂತವರಿಗೆ ಈ ಲೆಕ್ಕ ಸುಲಭ. ಪ್ರತಿಯೊಬ್ಬರಿಗೂ ವಾರಕ್ಕೆ ೪೦ ಕೂಪನ್ನು. ೮೦ ಡೆಸಿಬೆಲ್ಲಿನ ಒಂದು ಗಂಟೆಗೆ ಒಂದು ಕೂಪನ್ನು, ೮೩ಕ್ಕೆ ಎರಡು, ೮೬ಕ್ಕೆ ನಾಲ್ಕು, ೮೯ಕ್ಕೆ ಎಂಟು. ಈಗ ಎಲೆಕ್ಟ್ರಾನಿಕ್ ಸಿಟಿಯ ಕರೆ ಕೇಂದ್ರದಲ್ಲಿ ದುಡಿಯುವ ಒಬ್ಬ ಹುಡುಗಿಯ ವಾರವನ್ನು ಲೆಕ್ಕ ಹಾಕೋಣ. ದಿನಕ್ಕೆ ಆರು ಗಂಟೆ ಹೆಡ್‌ಸೆಟ್ಟಿನಲ್ಲಿ ಗಿರಾಕಿಗಳ ಮಾತು, ೮೦ ಡೆಸಿಬೆಲ್ ಎಂದಿಟ್ಟುಕೊಂಡರೆ ಆರು ಕೂಪನ್ನು. ಹೋಗುವಾಗ ಬರುವಾಗ ಬಸ್ಸಿನ ಗದ್ದಲವನ್ನು ಮೀರಲು ೮೬ ಡೆಸಿಬೆಲ್ಲಿನಲ್ಲಿ ಒಂದು ಗಂಟೆ ಹಾಡು, ನಾಲ್ಕು ಕೂಪನ್ನು. ದಿನಕ್ಕೆ ಹತ್ತು. ಸೋಮವಾರ ಆರಂಭಿಸಿದರೆ ಗುರುವಾರ ಸಂಜೆ ಪಡಿತರ ಮುಗಿಯಿತು. ಆಟದ ಯಂತ್ರವನ್ನು ಅವಳು ಇನ್ನೂ ಮುಟ್ಟಿಯೇ ಇಲ್ಲ. ಶನಿವಾರ ಮೂರು ಗಂಟೆ ಗುಂಡು ಹಾರಿಸುವ ಆಟವನ್ನು ೮೯ ಡೆಸಿಬೆಲ್ಲಿನಲ್ಲಿ ಆಡಿದರೆ ಇನ್ನೂ ಇಪ್ಪತ್ತನಾಲ್ಕು ಕೂಪನ್ನು, ಅಷ್ಟೂ ಸಾಲ. ರೈತನ ಸಾಲಕ್ಕಾದರೂ ಋಣ ಪರಿಹಾರದ ಕಾನೂನುಗಳು ಬಂದುವು. ಕಿವಿಯ ಸಾಲವನ್ನು ಮನ್ನಾ ಮಾಡುವ ಸರಕಾರ ಯಾವುದೂ ಇಲ್ಲ.

ಆ ೮೯ ಎಂಬ ಅಂಕಿ ನಮ್ಮ ಊಹೆಯಲ್ಲ. ೨೦೨೪ರ ಜನವರಿಯಲ್ಲಿ ಬಿ.ಎಂ.ಜೆ. ಪಬ್ಲಿಕ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆ ಒಂಬತ್ತು ದೇಶಗಳ ಹದಿನಾಲ್ಕು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಅವುಗಳಲ್ಲಿ ಒಂದು, ನಾಲ್ಕು ಗುಂಡಿನ ಆಟಗಳ ಸದ್ದನ್ನು ಹೆಡ್‌ಫೋನಿನಲ್ಲಿ ಅಳೆದು ಸರಾಸರಿ ೮೫.೬ರಿಂದ ೯೧.೨ ಡೆಸಿಬೆಲ್ ಎಂದು ಕಂಡುಕೊಂಡಿತ್ತು. ಸ್ಫೋಟದ ಕ್ಷಣಗಳಲ್ಲಿ ಸದ್ದು ಇದಕ್ಕೂ ಬಹಳ ಮೇಲೆ ಜಿಗಿಯುತ್ತದೆ.

ಪೀಣ್ಯದ ಕಥೆ ಇನ್ನೂ ಕಠಿಣ. ೧೯೪೮ರ ಕಾರ್ಖಾನೆ ಕಾಯ್ದೆಯ ಅಡಿಯ ಮಾದರಿ ನಿಯಮಗಳು ದಿನಕ್ಕೆ ಎಂಟು ಗಂಟೆ ೯೦ ಡೆಸಿಬೆಲ್ ಸದ್ದಿಗೆ ಅವಕಾಶ ಕೊಟ್ಟಿದ್ದುವು. ನಮ್ಮ ಕೂಪನ್ನಿನ ಲೆಕ್ಕದಲ್ಲಿ ಅಂಥ ಒಂದೇ ಪಾಳಿಗೆ ಎಂಬತ್ತು ಕೂಪನ್ನು, ಎಂದರೆ ಎರಡು ವಾರದ ಪಡಿತರ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ವಿನೋದಕ್ಕಾಗಿ ಕೇಳುವವರಿಗೆ, ಕಾರ್ಖಾನೆಯ ಅಳತೆ ದುಡಿಯುವವರಿಗೆ, ಎರಡನ್ನೂ ಬೆರೆಸಬಾರದು ಎಂದು ಮಾಲೀಕರ ಪರವಾಗಿ ವಾದಿಸುವವರು ಇರಬಹುದು. ಆದರೆ ಸದ್ದು ಯಾವ ನಿಯಮದ ಯಾವ ಕಲಮಿನಡಿ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ. ಯೂರೋಪಿನ ಒಕ್ಕೂಟ ೨೦೦೩ರ ನಿರ್ದೇಶದಲ್ಲಿ ದುಡಿಯುವವನ ಕಿವಿಗೆ ೮೭ ಡೆಸಿಬೆಲ್ಲಿನ ಮಿತಿ ಹಾಕಿತು. ೮೦ ದಾಟಿದರೇ ಮಾಲೀಕನು ಕಿವಿಕಾಪು ಒದಗಿಸಬೇಕೆಂದು ವಿಧಿಸಿತು. ನಮ್ಮ ಕಾರ್ಮಿಕನ ಕಿವಿ ಅವರದಕ್ಕಿಂತ ಗಟ್ಟಿಯೇನು?

ಮೊದಲು ಹೋಗುವುದು ೪,೦೦೦ ಹರ್ಟ್ಸ್ ಆಸುಪಾಸಿನ ಶ್ರವಣ. ಅದರಿಂದ ಸ, ಶ, ಫ ಮುಂತಾದ ಹಗುರವಾದ ಅಕ್ಷರಗಳು ಮಸುಕಾಗುತ್ತವೆ. ಎದುರಿನವನು ಮಾತಾಡುವುದು ಕೇಳುತ್ತದೆ, ಏನೆಂದನೆಂಬುದು ತಿಳಿಯುವುದಿಲ್ಲ. ರಾತ್ರಿ ಎಲ್ಲ ಸ್ತಬ್ಧವಾದಾಗ ಕಿವಿಯಲ್ಲಿ ಗುಂಯ್ ಎಂಬ ಮೊರೆತ ಮಾತ್ರ ಉಳಿಯುತ್ತದೆ. ಇಪ್ಪತ್ತೈದರ ಹುಡುಗ ಇದನ್ನು ನಿದ್ದೆಗೆಟ್ಟ ದೋಷವೆಂದುಕೊಂಡು ಹೆಡ್‌ಸೆಟ್ಟಿನ ಸದ್ದನ್ನು ಇನ್ನೊಂದು ಗೆರೆ ಏರಿಸುತ್ತಾನೆ.

ಬಳಸುವ ರೀತಿ

ಆಟ ಬಿಡಿ ಎಂದು ನಾವು ಹೇಳುತ್ತಿಲ್ಲ. ಸದ್ದು ಇಳಿಸಿದರೆ ಆಡುವ ಗಂಟೆಗಳು ಹೆಚ್ಚುತ್ತವೆ ಎನ್ನುತ್ತಿದ್ದೇವೆ. ೮೯ರಿಂದ ೮೦ಕ್ಕೆ ಇಳಿಸಿದವನಿಗೆ ಒಂದು ಗಂಟೆಯ ಕೂಪನ್ನಿನಲ್ಲಿ ಎಂಟು ಗಂಟೆ ಆಟ.

ಸದ್ದನ್ನು ಗರಿಷ್ಠದ ನೂರರಲ್ಲಿ ಅರವತ್ತು ದಾಟಿಸಬಾರದು. ಆಟ ಆರಂಭಿಸುವ ಮುನ್ನವೇ, ಕೋಣೆ ಶಾಂತವಾಗಿರುವಾಗ ಅದನ್ನು ಗೊತ್ತುಮಾಡಿ, ಆಟದ ಬಿಸಿಯಲ್ಲಿ ಮುಟ್ಟಬೇಡಿ. ತೋಳಳತೆಯ ದೂರದಲ್ಲಿ ಗೆಳೆಯನು ಸಾಧಾರಣ ದನಿಯಲ್ಲಿ ಕರೆದರೆ ಕೇಳಿಸಬೇಕು. ಶತ್ರುವಿನ ಹೆಜ್ಜೆಯ ಸಪ್ಪಳ ಕೇಳಲೆಂದು ಅನೇಕರು ಒಟ್ಟು ಸದ್ದನ್ನು ಏರಿಸುತ್ತಾರೆ. ಆಗ ಹೆಜ್ಜೆಯ ಜೊತೆಗೆ ಬಾಂಬೂ ಏರುತ್ತದೆ. ಅದರ ಬದಲು ಆಟದ ಸೆಟ್ಟಿಂಗಿನಲ್ಲಿ ಸಂಗೀತವನ್ನು ತಗ್ಗಿಸಿ. ‘ನೈಟ್ ಮೋಡ್’ ಎಂಬುದಿದ್ದರೆ ಅದನ್ನು ಆರಿಸಿ. ದೊಡ್ಡ ಸದ್ದು ಕುಗ್ಗಿ ಸಣ್ಣ ಸದ್ದು ಏಳುತ್ತದೆ. ಗೆಳೆಯರ ಮಾತಿಗೂ ಆಟದ ಸದ್ದಿಗೂ ಬೇರೆ ಬೇರೆ ತಿರುಗಣೆಯಿರುವ ಹೆಡ್‌ಸೆಟ್ಟು ಈ ಕಾರಣಕ್ಕೆ ಹೆಚ್ಚಿನ ಬೆಲೆಗೆ ಯೋಗ್ಯ. ಗಂಟೆಗೊಮ್ಮೆ ತೆಗೆದಿಟ್ಟು, ಎದ್ದು ನೀರು ಕುಡಿದು ಬನ್ನಿ. ಪಾಳಿಯಲ್ಲಿ ಹೆಡ್‌ಸೆಟ್ಟು ಹಾಕುವವರು ಬಸ್ಸಿನಲ್ಲಿ, ಮೆಟ್ರೋದಲ್ಲಾದರೂ ಕಿವಿಗೆ ರಜೆ ಕೊಡಲಿ. ಹೊಸೂರು ರಸ್ತೆಯಲ್ಲಿ ಸ್ಕೂಟರಿನ ಮೇಲೆ ಕಿವಿ ಮುಚ್ಚಿಕೊಂಡು ಹೋಗುವವರಿಗೆ ನಾವು ಹೇಳುವುದೇನೂ ಉಳಿದಿಲ್ಲ. ಹಿಂದಿನ ಲಾರಿ ಹೇಳುತ್ತದೆ.

ಪೀಣ್ಯದ ಗೆಳೆಯರಿಗೆ ಒಂದು ಎಚ್ಚರಿಕೆ. ಗದ್ದಲ ಅಡಗಿಸುವ ಹೆಡ್‌ಸೆಟ್ಟನ್ನು ಪ್ರೆಸ್ಸಿನ ಮುಂದೆ ಕಿವಿಕಾಪಿನ ಬದಲಾಗಿ ಹಾಕಬೇಡಿ. ಅದು ತಗ್ಗಿನ ಗುಡುಗನ್ನು ಅಡಗಿಸುತ್ತದೆ. ಲೋಹಕ್ಕೆ ಲೋಹ ಬಡಿಯುವ ಸದ್ದನ್ನು ತಡೆಯುವ ಖಾತರಿ ಅದಕ್ಕಿಲ್ಲ. ಕಿವಿಕಾಪು ಬೇರೆ, ಆಟದ ಸಾಮಾನು ಬೇರೆ.

ಬೇಡಿಕೆಗಳು

ಇಷ್ಟೆಲ್ಲ ಮಾಡಿದರೂ ದುಡಿಯುವವರ ಎಚ್ಚರ ಒಂದರಿಂದಲೇ ಕಿವಿ ಉಳಿಯದು. ಪಡಿತರದ ಬಹುಪಾಲನ್ನು ಪಾಳಿಯೇ ತಿನ್ನುವಾಗ, ಉಳಿದ ಚೂರನ್ನು ಜೋಪಾನ ಮಾಡಿರೆಂದು ಹುಡುಗರಿಗೆ ಬುದ್ಧಿ ಹೇಳಿ ಮಾಲೀಕರನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಐ.ಟಿ. ನೌಕರರ ದುಡಿಮೆಯ ದಿನವನ್ನು ಹನ್ನೆರಡು ಗಂಟೆಗೂ ಮೇಲಕ್ಕೆ ಎಳೆಯುವ ಪ್ರಸ್ತಾಪ ೨೦೨೪ರಲ್ಲಿ ರಾಜ್ಯದಲ್ಲಿ ಎದ್ದಿತು. ೨೦೨೫ರಲ್ಲಿ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ತಿದ್ದಿ ದಿನಕ್ಕೆ ಹತ್ತು ಗಂಟೆ ಮಾಡುವ ಮಾತು ಬಂತು. ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘವಾದ ಕೆ.ಐ.ಟಿ.ಯು. ಎರಡನ್ನೂ ಬಹಿರಂಗವಾಗಿ ಎದುರಿಸಿತು. ನಿದ್ದೆಯ ಮಾತು, ಸಂಸಾರದ ಮಾತು ಆ ವಾದದಲ್ಲಿ ಬಂದುವು. ಅದಕ್ಕೆ ಕಿವಿಯ ಮಾತನ್ನೂ ಸೇರಿಸಬೇಕು. ಹೆಡ್‌ಸೆಟ್ಟು ಹಾಕಿ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಐದು ದಿನ, ೮೦ ಡೆಸಿಬೆಲ್ಲಿನಲ್ಲೇ ಆದರೂ ಐವತ್ತು ಕೂಪನ್ನು. ಎಲ್ಲಿಂದ ತರುವುದು?

ಆದುದರಿಂದ ನಮ್ಮ ಒತ್ತಾಯ ಹೀಗಿದೆ. ಕರೆ ಕೇಂದ್ರಗಳು ಪ್ರತಿ ನೌಕರರಿಗೂ ಅವರದೇ ಹೆಡ್‌ಸೆಟ್ಟು ಕೊಡಬೇಕು. ದಿಢೀರನೆ ಬರುವ ಕಿರುಚಾಟವನ್ನು ತಡೆಯುವ ಲಿಮಿಟರ್ ಅದರಲ್ಲಿರಬೇಕು. ಪೀಣ್ಯದಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ನಡೆದು ಅದರ ಕಾಗದ ನೌಕರರ ಕೈಗೆ ಸಿಗಬೇಕು. ಸದ್ದಿನಿಂದಾದ ಕಿವುಡು ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ರೋಗವಾಗಿತ್ತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಅನುಸೂಚಿಯಲ್ಲಿ ಮಲಗಿರುವ ಆ ಸಾಲನ್ನು ಎಬ್ಬಿಸುವುದು ಕಾರ್ಮಿಕ ಸಂಘಗಳ ಕೆಲಸ. ತಜ್ಞರಿಲ್ಲ ಎಂಬ ನೆಪ ನಮ್ಮ ರಾಜ್ಯದಲ್ಲಿ ನಡೆಯದು; ಇಡೀ ದೇಶಕ್ಕೆ ಶ್ರವಣತಜ್ಞರನ್ನು ತಯಾರಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೦ರ ದಶಕದಿಂದ ಮೈಸೂರಿನಲ್ಲಿಯೇ ಇದೆ.

ಆಟದ ಯಂತ್ರ ಮಾರುವವರೂ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ೨೦೨೫ರಲ್ಲಿ ಆಟದ ಯಂತ್ರಗಳಿಗಾಗಿಯೇ ಸುರಕ್ಷಿತ ಶ್ರವಣದ ಮಾನಕವೊಂದನ್ನು ಹೊರಡಿಸಿವೆ. ಆಟಗಾರನು ಕೇಳಿದ ಸದ್ದಿನ ಲೆಕ್ಕವನ್ನು ಯಂತ್ರವೇ ಇಡಬೇಕು, ಮಿತಿ ಮೀರಿದರೆ ಎಚ್ಚರಿಸಬೇಕು ಎಂದು ಅದು ಹೇಳುತ್ತದೆ. ಆದರೆ ಒಪ್ಪುವುದು ಬಿಡುವುದು ಕಂಪನಿಗಳ ಇಚ್ಛೆ. ಯೂರೋಪಿನಲ್ಲಿ ಹಾಡು ಕೇಳುವ ಸಾಧನಗಳಿಗೆ ೨೦೧೩ರಿಂದಲೇ ೮೫ ಡೆಸಿಬೆಲ್ಲಿನಲ್ಲಿ ಎಚ್ಚರಿಕೆ, ೧೦೦ರ ಮೇಲ್ಮಿತಿ ಇವೆ. ಅಲ್ಲಿ ಆದದ್ದು ಇಲ್ಲಿ ಆಗಬಾರದೇಕೆ? ನಮ್ಮ ರಾಜ್ಯದಲ್ಲಿ ಮಾರುವ ಪ್ರತಿ ಹೆಡ್‌ಸೆಟ್ಟಿನ ಪೆಟ್ಟಿಗೆಯ ಮೇಲೂ ಅದರ ಗರಿಷ್ಠ ಸದ್ದು ಎಷ್ಟು ಡೆಸಿಬೆಲ್, ಯಾವ ಯಂತ್ರಕ್ಕೆ ಹೊಂದುತ್ತದೆ, ಬ್ಯಾಟರಿ ಬದಲಿಸಬಹುದೇ ಎಂಬ ಮೂರು ಸಂಗತಿಗಳು ಕನ್ನಡದಲ್ಲಿ ಅಚ್ಚಾಗಲಿ.

ಬೆಂಗಳೂರಿನ ಅಂಚಿನಲ್ಲಿ ದುಡಿಯುವ ನಮ್ಮ ಜಿಲ್ಲೆಯ ತರುಣರೇ, ಚೆನ್ನಾಗಿ ಆಡಿ. ಹೊಂದುವುದನ್ನು ನೋಡಿ ಕೊಳ್ಳಿ, ತಗ್ಗಿಸಿ ಕೇಳಿ, ವಾರದ ಕೂಪನ್ನುಗಳನ್ನು ಎಣಿಸಿ. ಎಣಿಸಿದಾಗ ಆಟಕ್ಕೆ ಏನೂ ಉಳಿದಿಲ್ಲವೆಂದು ಕಂಡರೆ, ಆ ಲೆಕ್ಕದ ಚೀಟಿಯನ್ನು ನಿಮ್ಮ ಸಂಘದ ಮುಂದಿನ ಸಭೆಗೆ ತೆಗೆದುಕೊಂಡು ಹೋಗಿ.